ಮೊದಲು ದೋಣಿ, ಅನಂತರ ಮೋಟಾರು

ಲಾರಿಯ ಚಕ್ರದ ರಬ್ಬರ್ ಟ್ಯೂಬಿಗೆ ಗಾಳಿ ತುಂಬಿ, ಅದರ ನಡುವಣ ಬಯಲಿಗೆ ಅಡ್ಡಲಾಗಿ ಹಗ್ಗದ ಹೆಣಿಗೆಯನ್ನೋ ಹಲಗೆಯನ್ನೋ ಬಿಗಿದು, ಅದರ ಮೇಲೆ ಕುಳಿತು ಕಾಲುಗಳನ್ನು ನೀರಿಗೆ ಇಳಿಬಿಟ್ಟು, ಅಂಗೈಗಳನ್ನೋ ಎರಡು ಹಲಗೆಯ ತುಂಡುಗಳನ್ನೋ ಹುಟ್ಟಾಗಿ ಮಾಡಿಕೊಂಡು, ಸಂಜೆ ಬಲೆ ಬಿಡುವುದಕ್ಕೂ ಬೆಳಗ್ಗೆ ಬಲೆ ಎತ್ತುವುದಕ್ಕೂ ಹೊರಡುವ ಮೀನುಗಾರನು ನಮ್ಮ ನಾಡಿನ ಕೆರೆ ಜಲಾಶಯಗಳಿಗೆ ಹೊಸಬನಲ್ಲ. ದೋಣಿ ಕೊಳ್ಳುವ ಶಕ್ತಿಯಿಲ್ಲದವನು ತನಗೆ ತಾನೇ ಕಲ್ಪಿಸಿಕೊಂಡ ನೌಕೆ ಅದು. ಇದೇ ವಸ್ತು ಅಮೆರಿಕದ ಸರೋವರಗಳಲ್ಲಿ, ವಿನೋದಕ್ಕಾಗಿ ಗಾಳ ಹಾಕುವ ಸಂಪನ್ನ ಗೃಹಸ್ಥರ ಕೈಗೆ ಸಿಕ್ಕಿ, ಕ್ಯಾನ್ವಾಸಿನ ಹೊದಿಕೆಯನ್ನೂ ಒರಗುವ ಆಸನವನ್ನೂ ಸಾಮಾನಿಡುವ ಜೇಬುಗಳನ್ನೂ ಪಡೆದು, ಕಾಲಿಗೆ ತೊಟ್ಟ ರಬ್ಬರ್ ಪಾದಗಳಿಂದ ಮೆಲ್ಲನೆ ಒದೆಯುತ್ತ ಸಾಗಿಸುವ ಸುಖಸಾಧನವಾಗಿ ಬೆಳೆದಿದೆ. ಅಲ್ಲಿನವರಿಗೆ ಆ ಒದೆತವೂ ಈಗ ಆಯಾಸವೆನಿಸಿ, ನಲ್ಲಿಯ ಕೊಳವೆಗಳಿಂದ ಒಂದು ಚೌಕಟ್ಟು ಜೋಡಿಸಿ, ಅದಕ್ಕೆ ಹನ್ನೆರಡು ವೋಲ್ಟಿನ ವಿದ್ಯುತ್ ಮೋಟಾರನ್ನು ಬಿಗಿದು, ಬೆನ್ನ ಹಿಂದೆ ಬ್ಯಾಟರಿಯನ್ನಿಟ್ಟುಕೊಂಡು ಸಾಗುವ ಹವ್ಯಾಸ ಹುಟ್ಟಿಕೊಂಡಿದೆ. ಇಂಥ ಹವ್ಯಾಸಗಳಿಗೆ ಸಮುದ್ರ ದಾಟಲು ಈಚೆಗೆ ಹಡಗು ಬೇಕಾಗಿಲ್ಲ. ಅಂಗೈಯಲ್ಲಿ ಹಿಡಿಯುವ ಫೋನೊಂದು ಸಾಕು.

ನಮ್ಮ ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ನಿಂತ ನೀರಿಗಾಗಲಿ ಹರಿವ ನೀರಿಗಾಗಲಿ ಕೊರತೆಯಿಲ್ಲ. ವಾರದ ಕೊನೆಗೆ ಬಂದಿಳಿಯುವ ಪ್ರವಾಸಿಗಳಿಗೂ ಅವರನ್ನು ರಂಜಿಸಲು ಕಾತರಿಸುವ ವಸತಿಗೃಹಗಳಿಗೂ ಕೊರತೆಯಿಲ್ಲ. ಆದಕಾರಣ ಮೋಟಾರು ಕಟ್ಟಿದ ಟ್ಯೂಬು ಇಲ್ಲಿಗೆ ಬಂದೀತೇ ಎಂದು ವಿಚಾರಿಸುವುದಕ್ಕಿಂತ, ಬಂದಾಗ ಅದನ್ನು ಹೇಗೆ ಎದುರುಗೊಳ್ಳಬೇಕೆಂದು ಈಗಲೇ ಯೋಚಿಸುವುದು ಲೇಸು. ನನ್ನ ಅಭಿಮತವನ್ನು ಮರೆಮಾಚದೆ ಮೊದಲೇ ಹೇಳಿಬಿಡುತ್ತೇನೆ: ಕಾಳಿ ನದಿಯ ನೀರಿನ ಮೇಲೆ ಟ್ಯೂಬಿಗೆ ಮೋಟಾರು ಕೂಡದು, ಮೋಟಾರು ಬೇಕಾದವನಿಗೆ ಮೊದಲು ದೋಣಿ ದೊರೆಯಬೇಕು. ಈ ಮಾತು ಯಂತ್ರದ್ವೇಷದಿಂದ ಹುಟ್ಟಿದ್ದಲ್ಲ. ತೋಳಿನ ದುಡಿಮೆಯನ್ನು ದೂರದಿಂದ ಕಂಡು ಅದರ ಸೌಂದರ್ಯವನ್ನು ವರ್ಣಿಸುವವರು ಸಾಮಾನ್ಯವಾಗಿ ಆ ದುಡಿಮೆಯನ್ನು ಮಾಡದವರು. ಆ ಪಂಗಡಕ್ಕೆ ಸೇರಲು ನನಗೆ ಮನಸ್ಸಿಲ್ಲ.

ಮೊದಲು ನೀರಿನ ಸ್ವರೂಪವನ್ನು ನೋಡಬೇಕು. ಜೋಯಿಡಾ ತಾಲ್ಲೂಕಿನ ದಿಗ್ಗಿಯ ಕಾಡಿನಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ಕಾಳಿಯನ್ನು ನದಿಯೆಂದು ಕರೆಯುವುದು ಈಗ ಅರ್ಧಸತ್ಯ ಮಾತ್ರ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಕೆಳಗೆ ಬೊಮ್ಮನಹಳ್ಳಿಯ ಅಡ್ಡಗಟ್ಟು, ಹಳಿಯಾಳದ ಕಡೆಯಿಂದ ಬರುವ ನೀರನ್ನು ಅಲ್ಲಿಗೆ ತಿರುಗಿಸುವ ತಟ್ಟಿಹಳ್ಳ, ಇನ್ನೂ ಕೆಳಗೆ ಕೊಡಸಳ್ಳಿ ಮತ್ತು ಕದ್ರಾ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿ ಇಳಿಸಿದ ಜಲರಾಶಿ ಅದು. ಸೂಪಾ ಒಂದರಲ್ಲೇ ಸುಮಾರು 147 ಟಿಎಂಸಿ ನೀರು ಹಿಡಿಯುತ್ತದೆ. ಆ ನೀರಿನಡಿಯಲ್ಲಿ ಸೂಪಾ ಎಂಬ ಊರೇ ಇದೆ. ಊರು ಮುಳುಗಿದ ಬಳಿಕ ತಾಲ್ಲೂಕಿನ ಕೇಂದ್ರವೂ ಹೆಸರೂ ಜೋಯಿಡಾಕ್ಕೆ ಬಂದವು, ಮನೆಮಠ ಬಿಟ್ಟವರಲ್ಲಿ ಅನೇಕರು ರಾಮನಗರಕ್ಕೆ ಹೋದರು. ಊರಿನೊಡನೆ ಕಾಡೂ ಮುಳುಗಿತು. ನೀರು ಇಳಿದ ಬೇಸಗೆಯಲ್ಲಿ ಹಿನ್ನೀರಿನ ಅಂಚಿನಲ್ಲಿ ತಲೆಯೆತ್ತಿ ನಿಲ್ಲುವ ಒಣ ಬೊಡ್ಡೆಗಳನ್ನು ಕಂಡವರಿಗೆ, ನೀರು ತುಂಬಿದಾಗ ಅವು ಎಲ್ಲಿಗೂ ಹೋಗಿರುವುದಿಲ್ಲ, ಮೇಲ್ಮೈಗೆ ಒಂದು ಗೇಣೋ ಎರಡು ಗೇಣೋ ಕೆಳಗೆ ಅಡಗಿ ನಿಂತಿರುತ್ತವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗಾಳಿಯನ್ನೇ ನಂಬಿ ತೇಲುವ ರಬ್ಬರಿಗೆ ಇದಕ್ಕಿಂತ ಕೆಟ್ಟ ನೆರೆಹೊರೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಅಂಗೈಯಿಂದ ನೀರು ತಳ್ಳುತ್ತ ಬರುವವನು ಬೊಡ್ಡೆಗೆ ತಾಗಿದರೆ ಟ್ಯೂಬು ಜಾರಿ ಪಕ್ಕಕ್ಕೆ ಸರಿದೀತು. ಯಂತ್ರದ ನೂಕುವಿಕೆಯಿಂದ ಬಂದು ತಾಗಿದರೆ ಸೀಳೀತು.

ಮೋಟಾರಿನ ಇತಿಹಾಸದಲ್ಲಿ ಒಂದು ಸ್ವಾರಸ್ಯವುಂಟು. ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನನ್ನು ಲೋಕಪ್ರಿಯಗೊಳಿಸಿದ ಓಲೆ ಎವಿನ್‌ರೂಡ್ ಎಂಬಾತನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಬೆಳೆದವನು. ಬೇಸಗೆಯ ಒಂದು ದಿನ ತನ್ನ ಪ್ರಿಯತಮೆಗಾಗಿ ಐಸ್‌ಕ್ರೀಮ್ ತರಲು ಸರೋವರದ ಆಚೆಗೆ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಗಿ, ಆ ವ್ಯಥೆಯಿಂದ ಅವನಿಗೆ ಎಂಜಿನ್ನಿನ ಆಲೋಚನೆ ಹೊಳೆಯಿತೆಂಬ ದಂತಕಥೆ ಇದೆ. 1909ರ ಹೊತ್ತಿಗೆ ಅವನ ಎಂಜಿನ್ನುಗಳು ಮಾರಾಟಕ್ಕೆ ಬಂದವು. ಸದ್ದಿಲ್ಲದ ಸಣ್ಣ ವಿದ್ಯುತ್ ಮೋಟಾರು ಬಂದದ್ದು ಆಮೇಲೆ, 1934ರಲ್ಲಿ, ಉತ್ತರ ಡಕೋಟದ ಫಾರ್ಗೋ ಪಟ್ಟಣದಲ್ಲಿ. ಟ್ಯೂಬಿಗೆ ಈಗ ಬಿಗಿಯುತ್ತಿರುವುದು ಈ ಎರಡನೆಯದರ ಸಂತತಿ.

ಆದರೆ ಉತ್ತರ ಕನ್ನಡದವರಾದ ನಾವು ಮೋಟಾರಿನ ಪಾಠವನ್ನು ಓದಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಅದೇ ನಾರ್ವೆ ದೇಶ ಕಾಳಿಯ ಮುಖಕ್ಕೇ ಬಂದಿತ್ತು. 1950ರ ದಶಕದ ಆದಿಯಲ್ಲಿ ಕೇರಳದ ನೀಂಡಕರದಲ್ಲಿ ಆರಂಭವಾದ ಭಾರತ-ನಾರ್ವೆ ಮೀನುಗಾರಿಕಾ ಯೋಜನೆ ಮುಂದಿನ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಹಾಯಿ ಮತ್ತು ಹುಟ್ಟುಗಳಿಂದ ನಡೆಯುತ್ತಿದ್ದ ಕಸುಬಿಗೆ ಎಂಜಿನ್ನು ಬಂತು, ಮಂಜುಗಡ್ಡೆ ಬಂತು, ದೂರದ ಪೇಟೆ ಬಂತು. ಅದರಿಂದ ಅನೇಕರ ಬಾಳು ಹಸನಾಯಿತೆಂಬುದನ್ನು ಅಲ್ಲಗಳೆಯುವವನು ಕೃತಘ್ನನು. ಆದರೆ 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಬಲೆಯೊಡನೆ ಕಡಲಿಗಿಳಿದು ಬಂಗುಡೆಯ ಹಿಂಡುಗಳನ್ನು ದಡಕ್ಕೆ ಬರುವ ಮುನ್ನವೇ ಸುತ್ತುವರಿದಾಗ, ಹತ್ತಾರು ಜನ ಎರಡು ಸಾಲುಗಳಲ್ಲಿ ನಿಂತು ಮರಳಿನ ಮೇಲೆ ಎಳೆಯುತ್ತಿದ್ದ ರಂಪಣಿ ಬಲೆ, ಬಂದ ಮೀನನ್ನು ಪಾಲು ಹಂಚಿಕೊಳ್ಳುತ್ತಿದ್ದ ಅದರ ಇಡೀ ವ್ಯವಸ್ಥೆಯೊಡನೆ, ಕೆಲವೇ ವರ್ಷಗಳಲ್ಲಿ ಬಡವಾಯಿತು. ಯಂತ್ರ ಬರುವಾಗ ಅದರ ಜತೆಗೆ ಯಾರ ಕೈಗೆ ಯಾವ ಬಲೆ, ಯಾವ ದೂರ, ಯಾವ ಕಾಲ ಎಂಬ ಕಟ್ಟುಪಾಡುಗಳು ಬರಲಿಲ್ಲ. ಜಗಳಗಳಾದ ಮೇಲೆ ಒಂದೊಂದಾಗಿ ಬಂದವು. ಇಂದು ಮುಂಗಾರಿನ 61 ದಿನಗಳ ನಿಷೇಧಕಾಲದಲ್ಲಿ 10 ಅಶ್ವಶಕ್ತಿಯೊಳಗಿನ ಮೋಟಾರಿನ ನಾಡದೋಣಿಗಳಿಗೆ ಕರ್ನಾಟಕದ ಕರಾವಳಿಯಲ್ಲಿ ವಿನಾಯಿತಿಯಿದೆ. ಎಂದರೆ ಎಂಜಿನ್ನಿನ ಶಕ್ತಿಯನ್ನು ಅಳೆದು ಬೇರೆ ಬೇರೆ ನಿಯಮ ಮಾಡುವುದನ್ನು ನಮ್ಮ ಸರಕಾರ ಬಲ್ಲದು. ಕಡಲಿಗೆ ತೋರಿದ ಈ ವಿವೇಕ ಘಟ್ಟ ಹತ್ತಿ ಹಿನ್ನೀರಿನವರೆಗೆ ಬರುವುದಕ್ಕೆ ಅಡ್ಡಿಯೇನೋ ನನಗೆ ತಿಳಿಯದು.

ಇನ್ನು ಟ್ಯೂಬಿನ ಆಕಾರದ ವಿಷಯ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸನು ತುಂಗಭದ್ರೆಯ ಹರಿಗೋಲನ್ನು ಕಂಡು ಬೆರಗಾಗಿ, ಅದು ಬುಟ್ಟಿಯಂತೆ ದುಂಡಗಿದ್ದು ಚರ್ಮ ಹೊದ್ದದ್ದೆಂದೂ, ಹುಟ್ಟು ಹಾಕಿದರೆ ಇತರ ದೋಣಿಗಳಂತೆ ನೇರ ಹೋಗದೆ ಸುತ್ತುತ್ತಲೇ ಇರುವುದೆಂದೂ ಬರೆದಿಟ್ಟಿದ್ದಾನೆ. ದುಂಡಗಿನ ವಸ್ತುವಿಗೆ ಮುಂಭಾಗವಿಲ್ಲ, ಹಿಂಭಾಗವಿಲ್ಲ, ನೀರನ್ನು ಸೀಳುವ ಮೂಗಿಲ್ಲ, ದಿಕ್ಕನ್ನು ಹಿಡಿದಿಡುವ ಅಡಿಗಟ್ಟಿಲ್ಲ. ನಮ್ಮ ಅಂಬಿಗನು ಈ ದೋಷವನ್ನು ಶತಮಾನಗಳ ಅಭ್ಯಾಸದಿಂದ ಗೆದ್ದು, ಹುಟ್ಟಿನ ಒಂದೊಂದು ಹೊಡೆತದಲ್ಲೂ ಅರ್ಧ ಮುಂದಕ್ಕೆ ಅರ್ಧ ತಿರುವಿಗೆ ಎಂದು ಲೆಕ್ಕ ಹಾಕುತ್ತಾನೆ. ಮೋಟಾರಿಗೆ ಆ ಲೆಕ್ಕ ಬಾರದು. ನಡುವಿನಿಂದ ತುಸು ಓರೆಯಾಗಿ ಬಿಗಿದರೆ ಟ್ಯೂಬು ಗಿರಗಿರನೆ ತಿರುಗುತ್ತದೆ. ಬೆನ್ನ ಹಿಂದೆ ಬಿಗಿದರೆ, ಬ್ಯಾಟರಿಯ ಭಾರವೂ ಅಲ್ಲೇ ಸೇರಿ, ಕುಳಿತವನು ಹಿಂದಕ್ಕೆ ವಾಲುತ್ತಾನೆ. ಹೊರದೇಶದ ತಯಾರಕರು ದುಂಡು ಟ್ಯೂಬನ್ನು ಬಿಟ್ಟು ಲಾಳದ ಆಕಾರಕ್ಕೂ, ಅದನ್ನೂ ಬಿಟ್ಟು ಜೋಡಿ ಕೊಳವೆಗಳ ತೆಪ್ಪಕ್ಕೂ ಸರಿದದ್ದರಲ್ಲಿ ಈ ಕಷ್ಟದ ಪಾತ್ರ ಸಣ್ಣದಲ್ಲ. ಅಂದರೆ ಮೋಟಾರಿಗೆ ಒಗ್ಗುವಂತೆ ಟ್ಯೂಬನ್ನು ತಿದ್ದುತ್ತ ತಿದ್ದುತ್ತ ಹೋದರೆ ಕೊನೆಗೆ ದೊರೆಯುವುದು ದೋಣಿಯೇ. ಹಾಗಿದ್ದಲ್ಲಿ ದೋಣಿಯಿಂದಲೇ ಆರಂಭಿಸಬಾರದೇಕೆ?

ಶಕ್ತಿಯ ಲೆಕ್ಕವೂ ಟ್ಯೂಬಿಗೆ ಪ್ರತಿಕೂಲವಾದದ್ದು. ನೀರಿನ ಪ್ರತಿರೋಧವು ವೇಗದ ವರ್ಗಕ್ಕನುಸಾರವಾಗಿ ಏರುವುದರಿಂದ, ವೇಗವನ್ನು ಇಮ್ಮಡಿಗೊಳಿಸಲು ಶಕ್ತಿಯನ್ನು ಸುಮಾರು ಎಂಟು ಪಟ್ಟು ಹೆಚ್ಚಿಸಬೇಕಾಗುತ್ತದೆ. ಆಕಾರವೇ ಅಡ್ಡ ನಿಂತಿರುವ ಟ್ಯೂಬಿನಲ್ಲಿ ಈ ನಿಯಮ ಬೇಗನೆ ಮುಖ ತೋರಿಸುತ್ತದೆ. ಚಿಕ್ಕ ವಿದ್ಯುತ್ ಮೋಟಾರೊಂದು ಪೂರ್ಣ ವೇಗದಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತದೆ. ಅರುವತ್ತು ಆಂಪಿಯರ್-ಗಂಟೆಯ ಸೀಸ-ಆಮ್ಲದ ಬ್ಯಾಟರಿಯನ್ನು, ಅದು ಬೇಗ ಕೆಡಬಾರದೆಂದಿದ್ದರೆ, ಅರ್ಧಕ್ಕಿಂತ ಕೆಳಗೆ ಇಳಿಸಲಾಗದು. ಆದುದರಿಂದ ಆ ಬ್ಯಾಟರಿ ಒಂದು ಗಂಟೆಯ ಸಂಗಾತಿ ಮಾತ್ರ. ಆ ಗಂಟೆಯಲ್ಲಿ ಸಾಗುವ ದೂರ ನಾಲ್ಕೈದು ಕಿಲೋಮೀಟರನ್ನು ಮೀರದು. ಇಷ್ಟಕ್ಕಾಗಿ ಹದಿನೈದು ಇಪ್ಪತ್ತು ಕಿಲೋ ಭಾರದ, ಆಮ್ಲ ತುಂಬಿದ ಪೆಟ್ಟಿಗೆಯೊಂದನ್ನು ರಬ್ಬರಿನ ಮೇಲೆ ಹೊತ್ತು ಸಾಗಬೇಕು. ಲಿಥಿಯಂ ಬ್ಯಾಟರಿ ಹಗುರ, ನಿಜ. ಅದರ ಬೆಲೆ ಕೇಳಿದ ಮೇಲೆ ಟ್ಯೂಬನ್ನು ಬಡವನ ನೌಕೆಯೆಂದು ಕರೆಯುವ ಮಾತು ನಿಂತುಹೋಗುತ್ತದೆ.

ಬಲೆಗಾರನಿಗಂತೂ ಇನ್ನೊಂದು ಸಂಕಟ ಕಾದಿದೆ. ಗಾಳದವನ ಕೈಯಲ್ಲಿ ಇರುವುದು ಒಂದೇ ದಾರ. ಹಿನ್ನೀರಿನ ಕಸುಬುದಾರನು ಬಿಡುವುದು ನೂರಾರು ಅಡಿ ಉದ್ದದ ನೈಲಾನ್ ಬಲೆ. ಅದು ಅವನ ತೊಡೆಯ ಮೇಲಿಂದಲೇ ನೀರಿಗಿಳಿಯುತ್ತದೆ, ಅವನ ತೊಡೆಯ ಮೇಲಕ್ಕೇ ಏರಿ ಬರುತ್ತದೆ. ಕರಾವಳಿಯಲ್ಲಿ ಬೋಟಿನ ಫ್ಯಾನಿಗೆ ಬಲೆ ಸುತ್ತಿಕೊಂಡು ಎಂಜಿನ್ನು ನಿಂತುಹೋಗುವುದು ಆಗಾಗ ಕೇಳುವ ಸುದ್ದಿ. ಅಲ್ಲಿ ಒಬ್ಬನು ನೀರಿಗೆ ಹಾರಿ, ಉಸಿರು ಬಿಗಿಹಿಡಿದು, ಚೂರಿಯಿಂದ ಬಲೆ ಕತ್ತರಿಸುವಾಗ ಮೇಲೆ ಹಗ್ಗ ಹಿಡಿಯಲು ನಾಲ್ವರಿರುತ್ತಾರೆ. ಟ್ಯೂಬಿನ ಮೇಲೆ ಇರುವವನೊಬ್ಬನೇ. ಅವನ ಕಾಲುಗಳು ನೀರೊಳಗೆ, ತಿರುಗುವ ಫ್ಯಾನಿನ ಮಗ್ಗುಲಲ್ಲಿ, ಬಿಟ್ಟ ಬಲೆಯ ಮಡಿಕೆಗಳ ನಡುವೆ ಇರುತ್ತವೆ. ವಿನೋದಕ್ಕಾಗಿ ಈ ಸಾಧನವನ್ನು ಕಲ್ಪಿಸಿದವರು ಬಲೆಯನ್ನು ಎಣಿಕೆಗೆ ತಂದವರೇ ಅಲ್ಲ. ಇದನ್ನು ಯೋಚಿಸದೆ ಆ ಸಾಧನವನ್ನು ಅನುಕರಿಸಿ ನಮ್ಮ ಮೀನುಗಾರನಿಗೆ ಹಂಚಲು ಹೊರಡುವುದು ದಯೆಯ ವೇಷ ತೊಟ್ಟ ಅವಿವೇಕ.

ಈ ಎಲ್ಲಕ್ಕಿಂತ ಹೆಚ್ಚಿನದು ದೂರದ ಪ್ರಶ್ನೆ, ಮತ್ತು ನನ್ನ ವಾದದ ಜೀವಾಳವಿರುವುದು ಇಲ್ಲಿಯೇ. ಟ್ಯೂಬಿನವನನ್ನು ಇದುವರೆಗೆ ಕಾಪಾಡಿಕೊಂಡು ಬಂದದ್ದು ಟ್ಯೂಬಿನ ಗಟ್ಟಿತನವಲ್ಲ, ಅವನ ತೋಳಿನ ದಣಿವು. ಅಂಗೈಯಿಂದ ನೀರು ತಳ್ಳುವವನು ಎಷ್ಟು ದೂರ ಹೋದರೆ ಅಷ್ಟೇ ದೂರ ತಿರುಗಿ ಬರಬೇಕೆಂಬುದನ್ನು ಅವನ ಭುಜ ಅವನಿಗೆ ಪ್ರತಿಕ್ಷಣವೂ ಹೇಳುತ್ತಿರುತ್ತದೆ. ಆದ್ದರಿಂದ ಅವನು ದಡದ ಮಗ್ಗುಲನ್ನು ಬಿಡುವುದಿಲ್ಲ, ಗಾಳಿ ಎದ್ದ ದಿನ ಕೊಲ್ಲಿಯ ಬಾಯಿಂದಾಚೆಗೆ ಕಾಲಿಡುವುದಿಲ್ಲ. ಮೋಟಾರು ಈ ಪಿಸುಮಾತನ್ನು ಅಡಗಿಸಿಬಿಡುತ್ತದೆ. ಹೋಗುವಾಗ ಬೆನ್ನ ಹಿಂದಿನ ಗಾಳಿ ಸುಖವಾಗಿ ನೂಕುತ್ತದೆ, ದಡ ಸದ್ದಿಲ್ಲದೆ ಸಣ್ಣದಾಗುತ್ತದೆ, ನಡುನೀರಿನಲ್ಲಿ ದೊಡ್ಡ ಮೀನುಂಟೆಂಬ ಆಸೆ ಕರೆಯುತ್ತದೆ; ಹಿಂದಿರುಗುವಾಗ ಎದುರುಗಾಳಿ, ಅರ್ಧ ಬರಿದಾದ ಬ್ಯಾಟರಿ, ಮತ್ತು ಅಂಗೈಯಿಂದ ದಾಟಲಾಗದಷ್ಟು ನೀರು. ಕ್ಯಾಸಲ್‌ರಾಕಿನ ಸುತ್ತ ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ, ಬೇಸಗೆಯ ಕೊನೆಯ ಅಡ್ಡಮಳೆಗಳು ಮುಂಚಿತವಾಗಿ ಹೇಳಿ ಬರುವುವಲ್ಲ. ಮಧ್ಯಾಹ್ನ ಕನ್ನಡಿಯಂತಿದ್ದ ಹಿನ್ನೀರು ಅರ್ಧ ಗಂಟೆಯಲ್ಲಿ ತೆರೆ ತೆರೆಯಾಗುತ್ತದೆ. ನೌಕೆಯ ತಾಳುವ ಶಕ್ತಿ ಹಾಗೆಯೇ ಉಳಿದು ಅದು ಮುಟ್ಟುವ ದೂರ ಮಾತ್ರ ಹೆಚ್ಚಿದರೆ, ಹೆಚ್ಚಿದ್ದು ಅಪಾಯವೇ ಹೊರತು ಸೌಕರ್ಯವಲ್ಲ. ದೋಣಿಯಾದರೋ ಹಾಗಲ್ಲ: ಮೋಟಾರು ಕೆಟ್ಟರೆ ಹುಟ್ಟುಂಟು, ಬ್ಯಾಟರಿ ತೀರಿದರೆ ಒಳಗೆ ಮುದುರಿ ಕೂತು ಗಾಳಿ ತಗ್ಗುವವರೆಗೆ ಕಾಯಬಹುದು, ಇನ್ನೊಬ್ಬನನ್ನು ಜತೆಗೆ ಕರೆದೊಯ್ಯಬಹುದು.

ದಾಂಡೇಲಿಯ ಹರಿವ ನೀರಿನ ಬಗೆಗಂತೂ ಚರ್ಚೆಗೆ ಎಡೆಯೇ ಇಲ್ಲ. ಊರಿನ ಪಕ್ಕದಲ್ಲಿ ಹರಿಯುವ ಕಾಳಿಯಲ್ಲಿ ಮೊಸಳೆಗಳುಂಟೆಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಪ್ರವಾಸಿಗಳು ದಡದಲ್ಲಿ ನಿಂತು ಅವುಗಳನ್ನು ನೋಡಲೆಂದೇ ಬರುತ್ತಾರೆ. 2021ರ ಅಕ್ಟೋಬರಿನಲ್ಲಿ ನದಿಯಂಚಿನಲ್ಲಿ ಮೀನು ಹಿಡಿಯುತ್ತಿದ್ದ ಬಾಲಕನೊಬ್ಬನನ್ನು ಮೊಸಳೆ ಎಳೆದೊಯ್ದ ದುರಂತವನ್ನು ಆ ಊರು ಮರೆತಿರಲಾರದು. ಇಂಥ ನೀರಿನಲ್ಲಿ ಸೊಂಟದಿಂದ ಕೆಳಗಿನ ದೇಹವನ್ನು ಇಳಿಬಿಟ್ಟು ತೇಲುವ ಸಾಧನ, ಅದಕ್ಕೆ ಮೋಟಾರು ಇರಲಿ ಇಲ್ಲದಿರಲಿ, ವಿವೇಕಿಗಳಿಗೆ ಸಲ್ಲತಕ್ಕದ್ದಲ್ಲ. ಇನ್ನು ಗಣೇಶಗುಡಿಯ ಕೆಳಗಿನ ಹರಿವು ಮೋಡವನ್ನಾಗಲಿ ಋತುವನ್ನಾಗಲಿ ಕೇಳಿ ನಡೆಯುವಂಥದ್ದಲ್ಲ. ಸೂಪಾದ ವಿದ್ಯುದಾಗಾರದ ಯಂತ್ರ ತಿರುಗಿದಾಗ ನೀರು ಏರುತ್ತದೆ, ನಿಂತಾಗ ಇಳಿಯುತ್ತದೆ. ರಾಫ್ಟಿನವರು ಈ ಗಡಿಯಾರವನ್ನು ನೋಡಿಕೊಂಡೇ ತಮ್ಮ ವ್ಯಾಪಾರ ನಡೆಸುತ್ತಾರೆ. ಆ ಸೆಳವಿಗೆ ಎದುರಾಗಿ ಟ್ಯೂಬಿನ ಪುಟ್ಟ ಮೋಟಾರು ಮಾಡಬಲ್ಲದ್ದು ಸದ್ದಲ್ಲದೆ ಬೇರೇನೂ ಅಲ್ಲ, ಅದೂ ದೊಡ್ಡ ಸದ್ದಲ್ಲ.

ಇಲ್ಲಿ ಒಬ್ಬ ಎದುರಾಳಿ ಎದ್ದು ನಿಂತು ಕೇಳಬಹುದು, ಮತ್ತು ಅವನ ಪ್ರಶ್ನೆ ನ್ಯಾಯವಾದದ್ದೇ: ದೋಣಿ ಬರುವವರೆಗೆ ಬಡವನು ಏನು ಮಾಡಬೇಕು? ಅಣೆಕಟ್ಟಿಗಾಗಿ ಕಾಡು ಕೊಟ್ಟವರಿಗೆ, ಹೊಲ ಕೊಟ್ಟವರಿಗೆ, ಹುಲಿಗಾಗಿ ಮತ್ತೆ ಮತ್ತೆ ಜಾಗ ಬಿಡಿರೆಂದು ಕೇಳಿಸಿಕೊಂಡವರಿಗೆ, ಉಳಿದಿರುವ ನೀರಿನ ಮೇಲೆಯೂ ಇದು ಕೂಡದು ಅದು ಕೂಡದು ಎಂದು ಪೇಟೆಯಲ್ಲಿ ಕುಳಿತು ಬರೆಯುವವನಿಗೆ ಯಾವ ಅಧಿಕಾರ? ಈ ಆಕ್ಷೇಪದ ಮೊನಚನ್ನು ನಾನು ಬಲ್ಲೆ. 1956ರಲ್ಲಿ ದಾಂಡೇಲಿ ವನ್ಯಧಾಮ, 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿಯ ಹೆಸರು, ಹೀಗೆ ಈ ನೆಲದ ಮೇಲೆ ಕಟ್ಟಳೆಗಳ ಪದರ ಪದರಗಳು ಬಿದ್ದಿವೆ. ಅವುಗಳಲ್ಲಿ ಹಲವು ಒಳ್ಳೆಯವೇ ಆದರೂ ಅವುಗಳ ಭಾರವನ್ನು ಹೊತ್ತವರು ಕುಣಬಿಗಳು, ಗೌಳಿಗಳು, ಸಿದ್ದಿಗಳು. ಆದ್ದರಿಂದಲೇ ಬರಿಯ ನಿಷೇಧವನ್ನು ನಾನು ಕೇಳುತ್ತಿಲ್ಲ. ಟ್ಯೂಬಿಗೆ ಮೋಟಾರು ಬೇಡವೆನ್ನುವ ಸರಕಾರವು ಅದೇ ಉಸಿರಿನಲ್ಲಿ ದೋಣಿಯನ್ನು ಕೊಡದಿದ್ದರೆ ಆ ಆಜ್ಞೆಗೆ ನೈತಿಕ ಬಲವಿರುವುದಿಲ್ಲ, ಅದು ನಡೆಯುವುದೂ ಇಲ್ಲ. ಕತ್ತಲಲ್ಲಿ ಬಲೆ ಬಿಡುವವನನ್ನು ಹಿಡಿಯಲು ಯಾವ ಇಲಾಖೆಗೂ ಅಷ್ಟು ಕಣ್ಣುಗಳಿಲ್ಲ.

ಮುಂಡಗೋಡದ ಕಡೆಗೆ ಬಂದರೆ ನನ್ನ ಬಿಗಿ ಸ್ವಲ್ಪ ಸಡಿಲವಾಗುತ್ತದೆಂದು ಒಪ್ಪಿಕೊಳ್ಳಬೇಕು. ಮಲೆನಾಡು ಬಯಲಿಗೆ ಇಳಿಯುವ ಆ ತಾಲ್ಲೂಕಿನ ನೀರು ಬೇರೆ ಬಗೆಯದು: ಬಾಚಣಕಿಯ ಅಣೆಕಟ್ಟು, ಧರ್ಮಾ ಜಲಾಶಯ, ಊರೂರಿನ ಕೆರೆಗಳು, ನೀರಾವರಿಗಾಗಿ ಕಟ್ಟಿದ, ದಡದಿಂದ ದಡ ಕಾಣುವ, ಸೆಳವಿಲ್ಲದ ನೀರು. ಅಂಥ ಸಣ್ಣ ಕೆರೆಯಲ್ಲಿ ಕಾಲಿನ ಬಲ ಕುಂದಿದವನೊಬ್ಬನು, ತೇಲಂಗಿ ತೊಟ್ಟು, ಬಲೆಯಿಲ್ಲದೆ ಗಾಳವನ್ನು ಮಾತ್ರ ಹಿಡಿದು, ಒಳ್ಳೆಯ ಜೋಡಿ ಕೊಳವೆಯ ತೆಪ್ಪಕ್ಕೆ ಮೆಲ್ಲನೆಯ ವಿದ್ಯುತ್ ಮೋಟಾರನ್ನು ಬಿಗಿದುಕೊಂಡು ಹೊರಟರೆ ಅವನನ್ನು ತಡೆಯಲು ನನಗೆ ಕಾರಣ ಕಾಣದು. ಆದರೆ ಅತ್ತಿವೇರಿಯಲ್ಲಿ ಅದೂ ಸಲ್ಲದು. ಸುಮಾರು 2.23 ಚದರ ಕಿಲೋಮೀಟರಿನ ಆ ಪಕ್ಷಿಧಾಮದಲ್ಲಿ ಚಮಚ ಕೊಕ್ಕಿನವೂ ಕೊಕ್ಕರೆಗಳೂ ನೀರಿನ ನಡುವಣ ಮರಗಳನ್ನು ನಂಬಿ ಬರುವುದು ಮನುಷ್ಯರು ಅಲ್ಲಿಗೆ ಸುಲಭವಾಗಿ ತಲಪಲಾರರೆಂಬ ಭರವಸೆಯಿಂದ. ಆ ಭರವಸೆಯನ್ನು ಸದ್ದಿಲ್ಲದ ಮೋಟಾರೂ ಮುರಿಯುತ್ತದೆ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. 1917ರ ಹಳೆಯ ಶಾಸನದ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಅಧಿನಿಯಮವು ಯಂತ್ರಬಲದಿಂದ ನಡೆಯುವ ನೌಕೆಯನ್ನೂ ಯಂತ್ರಬಲವಿಲ್ಲದ ನೌಕೆಯನ್ನೂ ಬೇರೆ ಬೇರೆಯಾಗಿ ಕಂಡು, ಮೊದಲನೆಯದಕ್ಕೆ ಪರೀಕ್ಷೆ, ನೋಂದಣಿ ಮುಂತಾದವನ್ನು ವಿಧಿಸುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿಯೂ ಟ್ಯೂಬಿಗೆ ಮೋಟಾರು ಬಿಗಿದ ಕ್ಷಣದಿಂದ ಅದು ಆಟಿಕೆಯಾಗಿ ಉಳಿಯದೆ ದೋಣಿಯಾಗುತ್ತದೆ, ಅದಕ್ಕೊಂದು ನೋಂದಣಿ ಸಂಖ್ಯೆ ಬೇಕಾಗುತ್ತದೆ. ಹಗ್ಗದಿಂದ ಬಿಗಿದ ಲಾರಿ ಟ್ಯೂಬನ್ನು ಯಾವ ಪರೀಕ್ಷಕನ ಮುಂದೆ ತಂದು ನಿಲ್ಲಿಸುವುದು, ಅವನು ಅದರ ಯಾವ ಭಾಗವನ್ನು ತಟ್ಟಿ ನೋಡಿ ಅಂಕಿತ ಹಾಕುವುದು ಎಂಬುದನ್ನು ಕಲ್ಪಿಸಿಕೊಂಡರೆ ನಗು ಬರುತ್ತದೆ. ಅವಘಡವಾದ ಮರುದಿನ ಅದೇ ಪ್ರಶ್ನೆಯನ್ನು ನಗದೆ ಕೇಳುವವರಿರುತ್ತಾರೆ.

ಮಾಡಬೇಕಾದದ್ದು ಅಸಾಧ್ಯವಾದದ್ದೇನೂ ಅಲ್ಲ. ಒಳನಾಡು ಮೀನುಗಾರಿಕೆಯನ್ನು ನಿಯಂತ್ರಿಸಲು ನಮ್ಮಲ್ಲಿ 1996ರ ರಾಜ್ಯ ಶಾಸನವುಂಟು, ಜಲಾಶಯಗಳಲ್ಲಿ ಮೀನು ಹಿಡಿಯಲು ಪರವಾನಗಿ ಕೊಡುವ ಇಲಾಖೆಯುಂಟು, ಕಾಟ್ಲಾ ರೋಹು ಮರಿಗಳನ್ನು ಬಿಡುವ ಪರಿಪಾಠವುಂಟು, ಮೀನುಗಾರರ ಸಹಕಾರ ಸಂಘಗಳುಂಟು. ಮರಿ ಬಿಡುವ ಇಲಾಖೆಯು ಆ ಮರಿ ಬೆಳೆದು ಮೀನಾದಾಗ ಅದನ್ನು ಹಿಡಿಯುವವನು ಯಾವುದರ ಮೇಲೆ ಕುಳಿತಿದ್ದಾನೆಂಬುದನ್ನೂ ನೋಡಬೇಕು. ಪರವಾನಗಿ ಪಡೆದ ಪ್ರತಿಯೊಬ್ಬನಿಗೂ ಫೈಬರಿನ ಹರಿಗೋಲೋ ಚಪ್ಪಟೆ ತಳದ ಸಣ್ಣ ದೋಣಿಯೋ, ಮಗುಚಿದರೂ ಮುಳುಗದಂತೆ ಒಳಗೆ ತೇಲುಪೆಟ್ಟಿಗೆಗಳಿರುವಂಥದ್ದು, ಸಂಘದ ಮೂಲಕ ಸುಲಭ ಕಂತಿನಲ್ಲಿ ದೊರೆಯಬೇಕು. ತೇಲಂಗಿಯನ್ನು ದೋಣಿಯ ಬೆಲೆಯಲ್ಲಿಯೇ ಸೇರಿಸಿ ಕೊಡಬೇಕು, ಏಕೆಂದರೆ ಬೇರೆಯಾಗಿ ಕೊಳ್ಳಬೇಕಾದದ್ದನ್ನು ಯಾರೂ ಕೊಳ್ಳುವುದಿಲ್ಲ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಕಾರವಾರದ ಹತ್ತಿರ ಮಗುಚಿ 16 ಜನ ಸತ್ತದ್ದು ಕಾಳಿಯ ಮುಖದಿಂದ ಬಹು ದೂರದಲ್ಲೇನೂ ಅಲ್ಲ. ಅಂದು ಅತಿಭಾರದ ಮಾತೂ ತೇಲಂಗಿಯಿಲ್ಲದ ಮಾತೂ ಒಟ್ಟಿಗೇ ಕೇಳಿಬಂದವು. ದೋಣಿಗೆ ಮೋಟಾರು ಬೇಕೆನ್ನುವವನಿಗೆ ವಿದ್ಯುತ್ ಮೋಟಾರೇ ಇರಲಿ, ಪೆಟ್ರೋಲಿನದು ಬೇಡ. ಕುಡಿಯುವ ನೀರಿಗೂ ಹುಲಿಯ ಕಾಡಿಗೂ ಎಣ್ಣೆಯ ಪೊರೆ ಹಿತವಲ್ಲ. ಕರಾವಳಿಯ ನಾಡದೋಣಿಯವರು ಸಬ್ಸಿಡಿಯ ಸೀಮೆಎಣ್ಣೆಗಾಗಿ ವರ್ಷವರ್ಷವೂ ಅರ್ಜಿ ಹಿಡಿದು ಅಲೆಯುವ ಪಾಡು ಘಟ್ಟದ ಮೇಲಿನವರಿಗೂ ಬರುವುದು ಬೇಡ.

ಬ್ಯಾಟರಿಯನ್ನು ತುಂಬಿಸುವುದೆಲ್ಲಿ ಎಂದು ಕೇಳಿದರೆ, ಉತ್ತರ ಆ ದಡದ ಮೇಲೆಯೇ ಇದೆ. ಹಿನ್ನೀರಿನ ಒಡೆಯನಾದ ಕರ್ನಾಟಕ ವಿದ್ಯುತ್ ನಿಗಮವು ನಾಗಝರಿಯ ವಿದ್ಯುದಾಗಾರದಲ್ಲಿ ಓಡಿಸುವ ಯಂತ್ರಗಳಲ್ಲಿ ಒಂದೊಂದರ ಶಕ್ತಿಯೂ ಸುಮಾರು 150 ಮೆಗಾವಾಟ್; ಅಂಥ ಒಂದು ಯಂತ್ರ ಪೂರ್ಣ ಬಲದಲ್ಲಿ ಒಂದೇ ಒಂದು ಸೆಕೆಂಡು ತಿರುಗಿದರೆ ಹುಟ್ಟುವ ವಿದ್ಯುತ್ತು ನಲವತ್ತು ಯೂನಿಟ್ಟಿನಷ್ಟು, ಎಂದರೆ ನೂರು ಆಂಪಿಯರ್-ಗಂಟೆಯ ಸುಮಾರು ಮೂವತ್ತು ಬ್ಯಾಟರಿಗಳನ್ನು ತುಂಬಿಸುವಷ್ಟು. ಮೀನುಗಾರರು ದೋಣಿ ಕಟ್ಟುವ ಒಂದೊಂದು ಇಳಿದಾಣದಲ್ಲಿಯೂ ಬೀಗ ಹಾಕುವಂಥ ಒಂದು ಕೊಠಡಿ, ಅದರೊಳಗೆ ತಂತಿ, ನಾಲ್ಕಾರು ಚಾರ್ಜರು, ಲೆಕ್ಕವಿಡುವ ಸಂಘದ ಒಬ್ಬ ಹುಡುಗ, ಇಷ್ಟನ್ನು ನಿಗಮವು ತನ್ನ ಖರ್ಚಿನಲ್ಲಿ ಒದಗಿಸಲು ಒಪ್ಪುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಈ ನಾಲ್ಕು ತಾಲ್ಲೂಕುಗಳ ಜನಪ್ರತಿನಿಧಿಗಳು ವಿಧಾನಸಭೆಯ ಮುಂದಿನ ಅಧಿವೇಶನದಲ್ಲಿ ಲಿಖಿತವಾಗಿ ಕೇಳಬೇಕು. ಉತ್ತರವೂ ಲಿಖಿತವಾಗಿಯೇ ಬರಬೇಕು.